ಡಿಫೆಂಡರ್‌ಗೆ ಅನ್ನ ಕೊಟ್ಟ ಊರುಗಳು

ಕರ್ನಾಟಕದ ಫುಟ್‌ಬಾಲ್ ಡಿಫೆಂಡರ್‌ಗಳು ಬಹುಕಾಲ ಹೊಟ್ಟೆಪಾಡಿಗೆ ನೆಚ್ಚಿಕೊಂಡದ್ದು ಎರಡನ್ನು: ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ನೌಕರಿ ಮತ್ತು ಕಲ್ಕತ್ತೆಯ ಕ್ಲಬ್ಬುಗಳು. ಎಚ್‌ಎಎಲ್, ಐಟಿಐ ಕಾರ್ಖಾನೆಗಳು ತಮ್ಮದೇ ತಂಡ ಕಟ್ಟಿ, ಆಟ ಬಲ್ಲವರಿಗೆ ಕೆಲಸ ಕೊಟ್ಟವು. ಕಾಲು ಸೋತರೂ ಸಂಬಳ ನಿಲ್ಲುವುದಿಲ್ಲ ಎಂಬ ಧೈರ್ಯ ಅಲ್ಲಿತ್ತು.

ಆಟ ಇದಕ್ಕಿಂತ ಹಳೆಯದು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಗೋಲ್‌ಕೀಪರ್ ವರದರಾಜ್ ಸೇರಿ ಬೆಂಗಳೂರಿನ ಹಲವರಿದ್ದರು. ಜುಲೈ 31ರಂದು ಇಲ್ಫೋರ್ಡ್‌ನಲ್ಲಿ ಎದುರಾದದ್ದು ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಬೆಂಗಳೂರಿನ ರಾಮನ್ ಗೋಲು ಹೊಡೆದರೂ, ಎರಡು ಪೆನಾಲ್ಟಿ ಕೈತಪ್ಪಿ, ಕೊನೆಗಳಿಗೆಯ ಗೋಲಿನಿಂದ 1–2ರ ಸೋಲಾಯಿತು.

ವೃತ್ತಿಯಾಗಿ ಡಿಫೆಂಡರ್‌ನ ಬದುಕು ಹೇಗಿತ್ತೆಂಬುದಕ್ಕೆ ಬೆಂಗಳೂರಿನ ಇಲ್ಯಾಸ್ ಪಾಷಾ ಒಳ್ಳೆಯ ನಿದರ್ಶನ. ವಿನಾಯಕ ಕ್ಲಬ್ಬಿನಲ್ಲಿ ಆಡಿ ಬೆಳೆದ ಈ ಬಲಬದಿಯ ಬ್ಯಾಕ್, 1987ರ ಜನವರಿಯಲ್ಲಿ ಕೋಳಿಕ್ಕೋಡಿನ ನೆಹರೂ ಕಪ್‌ನಲ್ಲಿ ಬಲ್ಗೇರಿಯದ ಎದುರು ಭಾರತದ ಪರ ಮೊದಲ ಬಾರಿ ಕಣಕ್ಕಿಳಿದರು. ಕಲ್ಕತ್ತೆಗೆ ಹೋಗಿ ಮೊಹಮ್ಮಡನ್ ಸ್ಪೋರ್ಟಿಂಗ್, ಆಮೇಲೆ ಈಸ್ಟ್ ಬೆಂಗಾಲ್ ಸೇರಿದರು. 1990ರಲ್ಲಿ ಈಸ್ಟ್ ಬೆಂಗಾಲ್ ಒಂದೇ ವರ್ಷ ಐಎಫ್‌ಎ ಶೀಲ್ಡ್, ಡ್ಯುರಾಂಡ್, ರೋವರ್ಸ್ ಮೂರನ್ನೂ ಗೆದ್ದಾಗ ಅವರು ಆ ತಂಡದಲ್ಲಿದ್ದರು. 1993ರಲ್ಲಿ ಅವರೇ ನಾಯಕ. ಆ ವರ್ಷ ತಂಡ ನೇಪಾಳದಲ್ಲಿ ವಾಯ್ ವಾಯ್ ಕಪ್ ಗೆದ್ದಿತು. ಇರಾಕಿನ ಅಲ್ ಜವ್ರಾ ಕ್ಲಬ್ಬನ್ನು 6–2ರಿಂದ ಬಗ್ಗುಬಡಿಯಿತು. ಆ ಪಂದ್ಯದಲ್ಲಿ ಹ್ಯಾಟ್ರಿಕ್ ಹೊಡೆದ ಬೆಂಗಳೂರಿನವರೇ ಆದ ಕಾರ್ಲ್‌ಟನ್ ಚಾಪ್‌ಮನ್ ಹೆಸರು ಇಂದಿಗೂ ನೆನಪಾಗುತ್ತದೆ. ಪಾಷಾ ಹೆಸರು ಅಷ್ಟು ಕೇಳಿಬರುವುದಿಲ್ಲ. ಅವರಿಗೆ ಸಲ್ಲಬೇಕಾದಷ್ಟು ಗೌರವ ತವರಿನಲ್ಲಿ ಸಲ್ಲಲಿಲ್ಲ. 2025ರ ಜನವರಿಯಲ್ಲಿ ಅವರು ತೀರಿಕೊಂಡರು.

ಪಾಷಾ ಆಡುತ್ತಿದ್ದ ಕಾಲದ ಫ್ರಾನ್ಸಿನಲ್ಲಿ ಡಿಫೆಂಡರ್‌ನ ದಾರಿ ಬೇರೆಯಿತ್ತು. ಗ್ವಾಡಲೂಪ್‌ನಲ್ಲಿ ಹುಟ್ಟಿದ ಲಿಲಿಯಾನ್ ತುರಾಮ್ ಮೊನಾಕೊದಲ್ಲಿ ಶುರುಮಾಡಿ ಪಾರ್ಮ, ಯುವೆಂಟಸ್, ಬಾರ್ಸಿಲೋನ ಕ್ಲಬ್ಬುಗಳಿಗೆ ಆಡಿದರು. ದೇಶಕ್ಕಾಗಿ ಆಡಿದ 142 ಪಂದ್ಯಗಳಲ್ಲಿ ಹೊಡೆದದ್ದು ಎರಡೇ ಗೋಲು. ಅವೆರಡೂ 1998ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಕ್ರೊಯೇಷ್ಯದ ಎದುರು ಬಂದವು. ಹುಡುಗರನ್ನು ಎಳೆಯ ವಯಸ್ಸಿನಲ್ಲೇ ಆರಿಸಿ, ಊಟ, ವಸತಿ, ಪಾಠದ ಜೊತೆ ಆಟ ಕಲಿಸುವ ಕ್ಲೇರ್‌ಫೊಂತೇನ್ ಕೇಂದ್ರ ಆ ದೇಶದಲ್ಲಿ 1988ರಿಂದಲೇ ಇದೆ.

ಕರ್ನಾಟಕಕ್ಕೆ ಅಂಥ ಏರ್ಪಾಡು ಬಂದದ್ದು ತಡವಾಗಿ, ಅದೂ ಸಂಡೂರು ತಾಲ್ಲೂಕಿಗೆ. ಹೊಸಪೇಟೆ–ಬಳ್ಳಾರಿ ರಸ್ತೆಯ ತೋರಣಗಲ್ಲಿನಲ್ಲಿ 1994ರಲ್ಲಿ ಸ್ಥಾಪನೆಯಾದ, ಜನ ಇಂದಿಗೂ ‘ಜಿಂದಾಲ್’ ಎಂದೇ ಕರೆಯುವ ಉಕ್ಕಿನ ಉದ್ಯಮಕ್ಕೆ ಸುತ್ತಲಿನ ಗುಡ್ಡಗಳ ಕಬ್ಬಿಣದ ಅದಿರೇ ಆಧಾರ. ಅದೇ ಸಮೂಹ 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದ ಈ ಕ್ಲಬ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಯಿತು. 2019ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಗೋವಾ ಎದುರು ಬಂದ ಏಕೈಕ ಗೋಲೂ ಡಿಫೆಂಡರ್ ಒಬ್ಬರದೇ: 117ನೇ ನಿಮಿಷದಲ್ಲಿ ಕಾರ್ನರ್ ಚೆಂಡಿಗೆ ತಲೆಕೊಟ್ಟ ರಾಹುಲ್ ಭೇಕೆ ಪ್ರಶಸ್ತಿ ತಂದಿತ್ತರು.

ತೋರಣಗಲ್ಲಿನಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಆವರಣದಲ್ಲೇ ಈ ಕ್ಲಬ್ಬಿನ ವಸತಿ ಅಕಾಡೆಮಿ ನೆಲೆ ಕಂಡಿತು. ಕುಸ್ತಿ, ಬಾಕ್ಸಿಂಗ್, ಜೂಡೊ ಪಟುಗಳ ನಡುವೆ ಫುಟ್‌ಬಾಲ್ ಹುಡುಗರೂ ಅಲ್ಲಿ ಉಳಿದು ಕಲಿಯುವಂತಾಯಿತು. ಆಟವನ್ನೇ ಉದ್ಯೋಗ ಮಾಡಿಕೊಳ್ಳಲು ಪಾಷಾ ಕಲ್ಕತ್ತೆಯ ರೈಲು ಹತ್ತಬೇಕಾಗಿತ್ತು. ಇಂದಿನ ಹುಡುಗ ರಾಜ್ಯದೊಳಗೇ ಆ ಮೆಟ್ಟಿಲು ಹತ್ತಬಹುದು. ಆದರೆ ಅಕಾಡೆಮಿಯ ಆಯ್ಕೆಗೆ ನಿಲ್ಲಬೇಕಾದರೆ ಮೊದಲು ಊರಿನಲ್ಲಿ ವರ್ಷವಿಡೀ ಪಂದ್ಯಗಳಿರಬೇಕು. ಹೊಸಪೇಟೆ, ಕಂಪ್ಲಿ, ಸಂಡೂರಿನ ಶಾಲೆಗಳ ನಡುವೆ ಅಂಥ ಲೀಗ್ ನಡೆಸುವ ಹೊಣೆಯನ್ನು ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಕ್ರೀಡಾ ಆಡಳಿತ ಹೊರಬೇಕು.