ಪರಮ ಪ್ರಸಾದ

ಪರಮ ಪ್ರಸಾದ ಅಥವಾ ಯೂಕರಿಸ್ಟ್ ಕಥೋಲಿಕ ಧರ್ಮಸಭೆಯ ಏಳು ಸಂಸ್ಕಾರಗಳಲ್ಲಿ ಒಂದು. ಬಲಿಪೂಜೆಯಲ್ಲಿ ಯಾಜಕರು ಅರ್ಪಿಸುವ ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿಯೂ ಯೇಸುಕ್ರಿಸ್ತರ ಶರೀರ ಮತ್ತು ರಕ್ತವಾಗುತ್ತವೆ ಎಂಬುದು ಕಥೋಲಿಕರ ವಿಶ್ವಾಸ. ಈ ವಿಶ್ವಾಸದ ಸುತ್ತ ಇಪ್ಪತ್ತು ಶತಮಾನಗಳಲ್ಲಿ ಆಚರಣೆ ಬಹಳ ಬದಲಾಗಿದೆ. ಸಾಮಾನ್ಯ ವಿಶ್ವಾಸಿ ಪ್ರಸಾದವನ್ನು ಎಷ್ಟು ಬಾರಿ ಸ್ವೀಕರಿಸಬೇಕು, ಯಾವ ವಯಸ್ಸಿನಲ್ಲಿ, ಯಾವ ಸಿದ್ಧತೆಯೊಡನೆ ಎಂಬ ಪ್ರಶ್ನೆಗಳಿಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಜನರು ಬಲಿಪೀಠದಿಂದ ದೂರ ಸರಿದ ಮತ್ತು ಮರಳಿ ಅದರ ಬಳಿಗೆ ಬಂದ ಕಥೆಯೇ ಇದರ ಇತಿಹಾಸ.

ಮೂಲ

ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಜೆರುಸಲೇಮಿನಲ್ಲಿ ಶಿಷ್ಯರೊಡನೆ ಮಾಡಿದ ಕಡೆಯ ಭೋಜನವೇ ಇದರ ಮೂಲ. ರೊಟ್ಟಿಯನ್ನು ಮುರಿದು ಕೊಡುತ್ತ ಅದು ತಮ್ಮ ಶರೀರವೆಂದೂ, ಪಾನಪಾತ್ರೆಯನ್ನು ಕೊಡುತ್ತ ಅದು ತಮ್ಮ ರಕ್ತವೆಂದೂ ಅವರು ಹೇಳಿದರು. ತಮ್ಮ ಸ್ಮರಣೆಗಾಗಿ ಹೀಗೆ ಮಾಡುತ್ತಿರಬೇಕೆಂದು ಆಜ್ಞಾಪಿಸಿದರು. ಮತ್ತಾಯ, ಮಾರ್ಕ ಮತ್ತು ಲೂಕರ ಶುಭಸಂದೇಶಗಳಲ್ಲಿ ಈ ವೃತ್ತಾಂತವಿದೆ. ಯೊವಾನ್ನರ ಶುಭಸಂದೇಶ ಅದೇ ರಾತ್ರಿ ಯೇಸು ಶಿಷ್ಯರ ಪಾದ ತೊಳೆದುದನ್ನು ಹೇಳುತ್ತದೆ.

ಇವೆಲ್ಲಕ್ಕಿಂತ ಹಳೆಯ ದಾಖಲೆ ಸಂತ ಪೌಲರು 50ರ ದಶಕದಲ್ಲಿ ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲ ಪತ್ರ. ಅಲ್ಲಿನ ಸಭೆಯಲ್ಲಿ ಕೆಲವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಏನೂ ಇಲ್ಲದವರು ಹಸಿದಿರುತ್ತಿದ್ದರು. ಅಂಥ ಊಟ ಪ್ರಭುವಿನ ಭೋಜನವೇ ಅಲ್ಲವೆಂದು ಪೌಲರು ಗದರಿದರು. ಪರಮ ಪ್ರಸಾದದ ಬಗ್ಗೆ ಉಳಿದಿರುವ ಮೊತ್ತಮೊದಲ ಬರಹ ಹುಟ್ಟಿದ್ದೇ ಹಸಿದವರ ಪರವಾಗಿ. ಇದನ್ನು ಮರೆತರೆ ಈ ಸಂಸ್ಕಾರದ ಅರ್ಥ ಅರ್ಧಕ್ಕೇ ನಿಲ್ಲುತ್ತದೆ.

ಆದಿ ಶತಮಾನಗಳು

ಸುಮಾರು 155ರಲ್ಲಿ ರೋಮಿನಲ್ಲಿದ್ದ ಸಂತ ಜಸ್ಟಿನ್, ಕ್ರೈಸ್ತರ ಪರವಾಗಿ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಭಾನುವಾರದ ಕೂಟವನ್ನು ವಿವರಿಸಿದರು. ಪವಿತ್ರ ಗ್ರಂಥಗಳ ವಾಚನ, ಬೋಧನೆ, ಪ್ರಾರ್ಥನೆ, ರೊಟ್ಟಿ ಮತ್ತು ನೀರು ಬೆರೆಸಿದ ದ್ರಾಕ್ಷಾರಸದ ಮೇಲೆ ಕೃತಜ್ಞತಾಸ್ತುತಿ, ಅದಕ್ಕೆ ಜನರು ಹೇಳುವ ಆಮೆನ್, ಬಳಿಕ ಹಂಚಿಕೆ. ಬರಲಾಗದವರ ಪಾಲನ್ನು ಸೇವಾದರ್ಶಿಗಳು ಅವರಿದ್ದಲ್ಲಿಗೆ ಒಯ್ಯುತ್ತಿದ್ದರು. ಕೂಡಿಬಂದ ಕಾಣಿಕೆ ಅನಾಥರು, ವಿಧವೆಯರು, ರೋಗಿಗಳು ಮತ್ತು ಸೆರೆಯಾಳುಗಳಿಗೆ ಸಲ್ಲುತ್ತಿತ್ತು. ಇಂದಿನ ಬಲಿಪೂಜೆಯ ಚೌಕಟ್ಟು ಆಗಲೇ ಸ್ಪಷ್ಟವಾಗಿತ್ತು.

ಈ ಕೂಟಕ್ಕಾಗಿ ಪ್ರಾಣ ತೆತ್ತವರೂ ಇದ್ದಾರೆ. ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸಾಚಾರದ ಕಾಲದಲ್ಲಿ, 304ರಲ್ಲಿ, ಉತ್ತರ ಆಫ್ರಿಕದ ಅಬಿಟಿನೆ ಊರಿನ ಕ್ರೈಸ್ತರು ಮನೆಯೊಂದರಲ್ಲಿ ಭಾನುವಾರದ ಪೂಜೆಗೆ ಸೇರಿದ್ದಾಗ ಸೆರೆಸಿಕ್ಕರು. ಪೂಜೆ ಬಿಟ್ಟು ತಮಗೆ ಬದುಕಿಲ್ಲವೆಂದು ಅವರು ಕಾರ್ತೇಜಿನ ವಿಚಾರಣೆಯಲ್ಲಿ ಹೇಳಿದರು.

ಮಧ್ಯಯುಗ: ನೋಟದ ಭಕ್ತಿ

9ನೆಯ ಶತಮಾನದಲ್ಲಿ ಫ್ರಾನ್ಸಿನ ಕಾರ್ಬಿ ಮಠದ ಪಾಸ್ಕೇಸಿಯಸ್ ರಾಡ್‌ಬರ್ಟಸ್ ಮತ್ತು ರಾಟ್ರಾಮ್ನಸ್ ಕ್ರಿಸ್ತರು ಪ್ರಸಾದದಲ್ಲಿ ಯಾವ ಬಗೆಯಲ್ಲಿ ಇದ್ದಾರೆ ಎಂಬುದರ ಬಗ್ಗೆ ಭಿನ್ನ ಗ್ರಂಥಗಳನ್ನು ಬರೆದರು. 11ನೆಯ ಶತಮಾನದಲ್ಲಿ ಟೂರ್ಸಿನ ಬೆರೆಂಗಾರ್ ಎತ್ತಿದ ಆಕ್ಷೇಪ ಚರ್ಚೆಯನ್ನು ಇನ್ನಷ್ಟು ಹರಿತಗೊಳಿಸಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಸತ್ವಪರಿವರ್ತನೆಯ ಪರಿಭಾಷೆಯನ್ನು ಬಳಸಿತು: ಬಣ್ಣ, ರುಚಿ, ಆಕಾರಗಳು ಹಾಗೆಯೇ ಇರುತ್ತವೆ, ಒಳಗಿನ ಸತ್ವ ಮಾತ್ರ ಬದಲಾಗುತ್ತದೆ. ಸಂತ ಥಾಮಸ್ ಅಕ್ವಿನಾಸರು ಇದನ್ನು ಅರಿಸ್ಟಾಟಲನ ಪರಿಕಲ್ಪನೆಗಳ ನೆರವಿನಿಂದ ವಿಶದವಾಗಿ ನಿರೂಪಿಸಿದರು.

ಗೌರವ ಹೆಚ್ಚಿದಂತೆ ಅಂಜಿಕೆಯೂ ಹೆಚ್ಚಿತು. ಸ್ವೀಕರಿಸುವವರು ತೀರಾ ವಿರಳವಾದುದರಿಂದ, ವರ್ಷಕ್ಕೊಮ್ಮೆ ಪಾಸ್ಖ ಕಾಲದಲ್ಲಾದರೂ ಸ್ವೀಕರಿಸಲೇಬೇಕೆಂದು ಅದೇ ಮಹಾಸಭೆ ವಿಧಿಸಬೇಕಾಯಿತು. ಯಾಜಕರು ಎತ್ತಿ ಹಿಡಿದ ಪ್ರಸಾದವನ್ನು ಕಣ್ಣಾರೆ ಕಾಣುವುದೇ ಜನಸಾಮಾನ್ಯರ ಭಕ್ತಿಯಾಯಿತು. ಬೆಲ್ಜಿಯಮ್ಮಿನ ಲಿಯೇಜ್ ನಗರದ ಸಂತ ಜೂಲಿಯಾನಾ ಅವರ ಪ್ರಯತ್ನದಿಂದ ಅಲ್ಲಿ 1246ರಲ್ಲಿ ಪರಮ ಪ್ರಸಾದಕ್ಕೆಂದೇ ಹಬ್ಬವೊಂದು ಆರಂಭವಾಯಿತು. 1264ರಲ್ಲಿ ನಾಲ್ಕನೆಯ ಅರ್ಬನ್ ಪೋಪರು ಅದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಪಾನಪಾತ್ರೆ ಮಾತ್ರ ಯಾಜಕರಿಗೇ ಉಳಿಯಿತು. 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಈ ರೂಢಿಯನ್ನು ಕಟ್ಟಳೆಯಾಗಿಸಿದಾಗ, ಸುಧಾರಣಾವಾದಿ ಯಾಜಕ ಜಾನ್ ಹುಸ್‌ರ ಬೊಹೆಮಿಯದ ಅನುಯಾಯಿಗಳು ಪಾನಪಾತ್ರೆ ತಮಗೂ ಸಲ್ಲಬೇಕೆಂದು ಹೋರಾಡಿದರು.

ಸುಧಾರಣೆ ಮತ್ತು ಟ್ರೆಂಟ್

16ನೆಯ ಶತಮಾನದ ಪ್ರೊಟೆಸ್ಟಂಟ್ ಸುಧಾರಕರು ಬಲಿಪೂಜೆಯ ಬಲಿಸ್ವರೂಪವನ್ನು ನಿರಾಕರಿಸಿದರು. ಆದರೆ ಪ್ರಸಾದದಲ್ಲಿ ಕ್ರಿಸ್ತರ ಸಾನ್ನಿಧ್ಯದ ಬಗ್ಗೆ ಅವರಲ್ಲೇ ಒಮ್ಮತವಿರಲಿಲ್ಲ. 1529ರಲ್ಲಿ ಮಾರ್‌ಬರ್ಗಿನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಇದೇ ವಿಷಯದಲ್ಲಿ ಬೇರೆಯಾದರು. ಟ್ರೆಂಟ್ ಮಹಾಸಭೆ 1551ರಲ್ಲಿ ನೈಜ ಸಾನ್ನಿಧ್ಯವನ್ನೂ 1562ರಲ್ಲಿ ಬಲಿಸ್ವರೂಪವನ್ನೂ ದೃಢಪಡಿಸಿತು. 1570ರಲ್ಲಿ ಐದನೆಯ ಪಯಸ್ ಪೋಪರು ಪ್ರಕಟಿಸಿದ ಪೂಜಾಗ್ರಂಥ ಲ್ಯಾಟಿನ್ ವಿಧಿಯ ಬಹುಪಾಲು ಪ್ರದೇಶಗಳಿಗೆ ಒಂದೇ ಕ್ರಮವನ್ನು ತಂದಿತು.

ಮರಳಿ ಬಲಿಪೀಠದ ಬಳಿಗೆ

ದೊಡ್ಡ ತಿರುವು ಬಂದದ್ದು ಹತ್ತನೆಯ ಪಯಸ್ ಪೋಪರ ಕಾಲದಲ್ಲಿ. 1905ರಲ್ಲಿ ಅವರು ನಿತ್ಯವೂ ಪ್ರಸಾದ ಸ್ವೀಕರಿಸಲು ಉತ್ತೇಜನವಿತ್ತರು. 1910ರಲ್ಲಿ ಸುಮಾರು ಏಳು ವರ್ಷದ ಮಕ್ಕಳಿಗೂ ಅವಕಾಶ ಕೊಟ್ಟರು. ಪ್ರಸಾದವು ಪುಣ್ಯವಂತರಿಗೆ ಸಲ್ಲುವ ಬಹುಮಾನವಲ್ಲ, ದುರ್ಬಲರಿಗೆ ಬೇಕಾದ ಆಹಾರ ಎಂಬ ಅರಿವು ಇದರ ಹಿಂದಿತ್ತು. ನಡುರಾತ್ರಿಯಿಂದ ನೀರನ್ನೂ ಮುಟ್ಟದಿರುವ ಉಪವಾಸದ ಕಟ್ಟಳೆ 1953ರಿಂದ ಸಡಿಲವಾಗುತ್ತ ಬಂದು, 1964ರಲ್ಲಿ ಒಂದು ಗಂಟೆಗೆ ಇಳಿಯಿತು.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾವಿಧಿಯ ಸಂವಿಧಾನವನ್ನು ಹೊರಡಿಸಿತು. ಜನರು ಮೂಕ ಪ್ರೇಕ್ಷಕರಾಗಿರದೆ ಪೂಜೆಯಲ್ಲಿ ಪೂರ್ಣವಾಗಿ ಪಾಲ್ಗೊಳ್ಳಬೇಕೆಂಬುದು ಅದರ ಆಶಯ. ಆ ಬಳಿಕ ಬಲಿಪೂಜೆ ಜನರ ಭಾಷೆಗಳಲ್ಲಿ ನಡೆಯಲಾರಂಭಿಸಿತು. ಲ್ಯಾಟಿನ್ ಕೇಳುತ್ತಿದ್ದ ಕರ್ನಾಟಕದ ಇಗರ್ಜಿಗಳಲ್ಲಿ ಕನ್ನಡ ಮತ್ತು ಕೊಂಕಣಿ ಕೇಳಿಬಂದವು. 1964ರ ಡಿಸೆಂಬರಿನಲ್ಲಿ ಆರನೆಯ ಪೌಲ್ ಪೋಪರು ಮುಂಬಯಿಯ ಅಂತರರಾಷ್ಟ್ರೀಯ ಪರಮ ಪ್ರಸಾದ ಸಮ್ಮೇಳನಕ್ಕೆ ಬಂದರು. ಭಾರತಕ್ಕೆ ಬಂದ ಮೊದಲ ಪೋಪರು ಅವರೇ.

ಬದುಕಿನಲ್ಲಿ

ಭಾನುವಾರದ ಪೂಜೆ ಕಥೋಲಿಕರಿಗೆ ಕಡ್ಡಾಯ. ಮಗುವಿನ ಪ್ರಥಮ ಪರಮ ಪ್ರಸಾದ ಸ್ವೀಕಾರ ಮನೆಮಂದಿಗೆಲ್ಲ ಹಬ್ಬ. ಮರಣಶಯ್ಯೆಯಲ್ಲಿರುವವರಿಗೆ ಕೊನೆಯ ಪ್ರಯಾಣದ ಬುತ್ತಿಯಾಗಿ ಇದನ್ನೇ ಕೊಡುತ್ತಾರೆ. ಕರಾವಳಿ ಕರ್ನಾಟಕದ ಇಗರ್ಜಿಗಳಲ್ಲಿ ವಾರ್ಷಿಕ ಹಬ್ಬಕ್ಕೆ ಮೊದಲು ಬರುವ ಭ್ರಾತೃತ್ವದ ಭಾನುವಾರದಂದು ಪರಮ ಪ್ರಸಾದದ ಮೆರವಣಿಗೆ ನಡೆಯುತ್ತದೆ.

ಸಂಕಟದ ಹೊತ್ತಿನಲ್ಲಿ ಇದರ ಬೆಲೆ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಝೇವಿಯರ್ ನ್ಗುಯೆನ್ ವಾನ್ ತುವಾನ್ 1975ರಿಂದ 13 ವರ್ಷ ಸೆರೆಯಲ್ಲಿದ್ದರು. ಔಷಧದ ನೆಪದಲ್ಲಿ ತರಿಸಿಕೊಂಡ ದ್ರಾಕ್ಷಾರಸದ ಮೂರು ಹನಿ ಮತ್ತು ಒಂದು ಹನಿ ನೀರನ್ನು ಅಂಗೈಯಲ್ಲಿ ಹಿಡಿದು ಬಲಿಪೂಜೆ ಅರ್ಪಿಸುತ್ತಿದ್ದರು. ಎಲ್ ಸಾಲ್ವಡಾರಿನಲ್ಲಿ ಬಡವರ ಪರ ದನಿಯೆತ್ತಿದ್ದ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ 1980ರ ಮಾರ್ಚ್ 24ರಂದು ಬಲಿಪೂಜೆಯ ನಡುವೆಯೇ ಗುಂಡಿಗೆ ಬಲಿಯಾದರು.

ಇಂದು ಎದುರಾಗಿರುವ ಸಮಸ್ಯೆ ಯಾಜಕರ ಕೊರತೆ. ಅಮೆಜಾನ್ ಕಾಡಿನ ಎಷ್ಟೋ ಊರುಗಳಿಗೆ ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ಯಾಜಕರು ಬರುವುದಿಲ್ಲ. ಅಲ್ಲಿನ ಯೋಗ್ಯ ವಿವಾಹಿತರಿಗೆ ಯಾಜಕದೀಕ್ಷೆ ಕೊಡಬಹುದೆಂದು 2019ರ ಅಮೆಜಾನ್ ಸಿನೊಡ್, ಅಂದರೆ ಧರ್ಮಾಧ್ಯಕ್ಷರ ಸಭೆ, ಸೂಚಿಸಿತು. 2020ರ ಪ್ರಬೋಧನೆಯಲ್ಲಿ ಫ್ರಾನ್ಸಿಸ್ ಪೋಪರು ಆ ಸೂಚನೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಬಲಿಪೂಜೆಯೇ ಕ್ರೈಸ್ತ ಬದುಕಿನ ಉಗಮ ಮತ್ತು ಶಿಖರವೆಂದು ಸಾರುವ ಧರ್ಮಸಭೆ, ಅದು ಸಿಗದ ಜನರಿಗೆ ಕೊಡಬೇಕಾದ ಉತ್ತರ ಇನ್ನೂ ಬಾಕಿಯಿದೆ.