ಟೋಡ್ ಲೇನಿನ ಅಂಗಡಿ

ನಮ್ಮ ಊರುಗಳ ಬೀದಿಮೂಲೆಯ ದಿನಸಿ ಅಂಗಡಿಗಳಲ್ಲಿ “ಇಂದು ನಗದು, ನಾಳೆ ಉದ್ದರಿ” ಎಂಬ ಹಲಗೆಯನ್ನು ಕಾಣದವರು ವಿರಳ. ಆದರೆ ಆ ಹಲಗೆಯ ಕೆಳಗೆ ಕುಳಿತಿರುವ ಅಂಗಡಿಯವರೇ, ತಿಂಗಳ ಕೊನೆಯ ವಾರದಲ್ಲಿ ನಾವು ಬರಿಗೈಯಲ್ಲಿ ಹೋದಾಗ, ಮರುಮಾತಾಡದೆ ಗಲ್ಲಾಪೆಟ್ಟಿಗೆಯ ಬಳಿಯಿಂದ ಲೆಕ್ಕದ ಪುಸ್ತಕವನ್ನು ತೆಗೆದು, ನಮ್ಮ ಮನೆಯ ಹೆಸರಿರುವ ಪುಟದಲ್ಲಿ ಬೇಳೆ, ಬೆಲ್ಲ, ಎಣ್ಣೆಗಳನ್ನು ಬರೆದುಕೊಳ್ಳುತ್ತಾರೆ. ಹಲಗೆ ಹೇಳುವುದು ಒಂದು, ಪುಸ್ತಕ ಹೇಳುವುದು ಇನ್ನೊಂದು. ಸಣ್ಣ ಅಂಗಡಿಯನ್ನು ನಡೆಸುವುದರ ಕಷ್ಟವೆಲ್ಲ ಇವೆರಡರ ನಡುವೆಯೇ ಇದೆ. ನಗದನ್ನೇ ಹಿಡಿದು ಕುಳಿತರೆ ಬಡ ಗಿರಾಕಿ ಹಿಂದಿರುಗಬೇಕು. ಉದ್ದರಿಯನ್ನೇ ಬೆಳೆಯಗೊಟ್ಟರೆ ಅಂಗಡಿಯೇ ಬಾಗಿಲು ಹಾಕಬೇಕು. ಈ ತೊಡಕನ್ನು ೧೮೪೪ನೆಯ ಇಸವಿಯಲ್ಲಿ ಇಂಗ್ಲೆಂಡಿನ ಕೆಲವು ಮಂದಿ ಕಸಬುದಾರರು ಹೇಗೆ ಬಿಡಿಸಲೆತ್ನಿಸಿದರೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ರಾಚ್‌ಡೇಲ್ ಎಂಬುದು ಆಗ ಲ್ಯಾಂಕಷೈರ್ ಪ್ರಾಂತಕ್ಕೆ ಸೇರಿದ್ದ, ಉಣ್ಣೆಯ ಫ್ಲಾನೆಲ್ ಬಟ್ಟೆಗೆ ಹೆಸರಾದ ಪಟ್ಟಣವಾಗಿತ್ತು. ಯಂತ್ರಗಳು ಬಂದ ಮೇಲೆ ಕೈಮಗ್ಗದವರ ಕೂಲಿ ಇಳಿಯುತ್ತ ಬಂದಿತು. ಆ ಕಾಲದಲ್ಲಿ ಕೂಲಿಯವನಿಗೆ ಗಳಿಸುವುದು ಎಷ್ಟು ಕಷ್ಟವೋ ಗಳಿಸಿದ್ದನ್ನು ವೆಚ್ಚಮಾಡುವುದೂ ಅಷ್ಟೇ ಕಷ್ಟವಾಗಿತ್ತು. ಕೆಲವೆಡೆ ಗಿರಣಿಯ ಒಡೆಯರೇ ಅಂಗಡಿಗಳನ್ನಿಟ್ಟು, ಕೂಲಿಯನ್ನು ಹಣವಾಗಿ ಕೊಡದೆ ಸಾಮಾನಿನ ರೂಪದಲ್ಲಿ ಕೊಡುತ್ತಿದ್ದರು. ೧೮೩೧ರ ಶಾಸನವೊಂದು ಈ ಪದ್ಧತಿಯನ್ನು ನಿಷೇಧಿಸಿತು. ಆದರೆ ಸಾಲದ ಪುಸ್ತಕವನ್ನು ಯಾವ ಶಾಸನವೂ ನಿಷೇಧಿಸಲಿಲ್ಲ. ಬಾಕಿಯುಳ್ಳವನು ಅಂಗಡಿಯವನು ಹೇಳಿದ ಬೆಲೆಯನ್ನು ಒಪ್ಪಬೇಕು. ಕೊಟ್ಟ ಸಾಮಾನನ್ನು ತೆಗೆದುಕೊಳ್ಳಬೇಕು. ಬೇರೆ ಅಂಗಡಿಗೆ ಹೋಗುವ ಧೈರ್ಯ ಅವನಿಗೆಲ್ಲಿಯದು? ಇದಕ್ಕೆ ಜೊತೆಯಾಗಿ ಕಲಬೆರಕೆಯ ಪಿಡುಗು. ರೊಟ್ಟಿಯನ್ನು ಬೆಳ್ಳಗೆ ಮಾಡಲು ಹಿಟ್ಟಿಗೆ ಪಟಿಕ ಬೆರೆಸುವುದು, ಒಮ್ಮೆ ಕುದಿಸಿದ ಚಹದ ಎಲೆಯನ್ನು ಒಣಗಿಸಿ ಬಣ್ಣಕಟ್ಟಿ ಮತ್ತೆ ಮಾರುವುದು ಮುಂತಾದ ಮೋಸಗಳನ್ನು ಲಂಡನ್ನಿನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಅಕಮ್ ೧೮೨೦ರಲ್ಲಿಯೇ ಗ್ರಂಥರೂಪದಲ್ಲಿ ಬಯಲಿಗೆಳೆದಿದ್ದನು. ಕೇಳಿದವರಾರು?

ರಾಚ್‌ಡೇಲಿನ ನೇಕಾರರು ಕೂಲಿಯನ್ನು ಹೆಚ್ಚಿಸಬೇಕೆಂದು ಹೋರಾಡಿ ಸೋತರು. ಆಗ ಅವರಲ್ಲಿ ಕೆಲವರಿಗೆ ಬೇರೊಂದು ವಿಚಾರ ಹೊಳೆಯಿತು. ಕೂಲಿಯನ್ನು ಹೆಚ್ಚಿಸುವುದು ತಮ್ಮ ಕೈಯಲ್ಲಿಲ್ಲ. ಆ ಕೂಲಿ ಯಾವ ಅಂಗಡಿಗೆ ಹೋಗಿ ಸೇರಬೇಕೆಂಬುದು ತಮ್ಮ ಕೈಯಲ್ಲಿದೆಯಲ್ಲವೇ? ನೇಕಾರರೂ ಇತರ ಕಸಬಿನವರೂ ಸೇರಿ ವಾರಕ್ಕೆ ಎರಡೆರಡು ಪೆನ್ನಿ ವಂತಿಗೆ ಹಾಕತೊಡಗಿದರು. ಒಂದು ಪೌಂಡು ಹಣಕ್ಕೆ ಆಗ ೨೪೦ ಪೆನ್ನಿ. ಈ ಲೆಕ್ಕದಲ್ಲಿ ತಲೆಗೊಂದು ಪೌಂಡು ಕೂಡಲು ೧೨೦ ವಾರಗಳು ಬೇಕು. ಅಷ್ಟು ಕಾಯಲಾರದೆ ವಂತಿಗೆಯನ್ನು ಮೂರು ಪೆನ್ನಿಗೆ ಏರಿಸಿದರು. ಕೊನೆಗೆ ೨೮ ಮಂದಿಯಿಂದ ೨೮ ಪೌಂಡು ಮೂಲಧನ ಕೂಡಿತು. ಟೋಡ್ ಲೇನ್ ಎಂಬ ಬೀದಿಯಲ್ಲಿ ಹಳೆಯ ಉಗ್ರಾಣವೊಂದರ ಕೆಳಅಂತಸ್ತನ್ನು ವರ್ಷಕ್ಕೆ ೧೦ ಪೌಂಡು ಬಾಡಿಗೆಗೆ ಹಿಡಿದರು.

೧೮೪೪ನೆಯ ಡಿಸೆಂಬರ್ ೨೧ರ ಸಂಜೆ ಅಂಗಡಿಯ ಬಾಗಿಲು ತೆರೆಯಿತು. ಒಳಗಿದ್ದ ಸರಕೆಷ್ಟೆಂದರೆ: ೨೮ ರಾತಲು ಬೆಣ್ಣೆ, ೫೬ ರಾತಲು ಸಕ್ಕರೆ, ಸುಮಾರು ೬೭೦ ರಾತಲು ಗೋಧಿಹಿಟ್ಟು, ಒಂದು ಚೀಲ ಓಟ್ಸ್ ಹಿಟ್ಟು, ಕೆಲವು ಕೊಬ್ಬಿನ ಬತ್ತಿಗಳು. ನಮ್ಮ ಮದುವೆಮನೆಯ ಉಗ್ರಾಣದಲ್ಲಿ ಇದಕ್ಕಿಂತ ಹೆಚ್ಚು ಸಾಮಾನಿರುತ್ತದೆ. ಬೀದಿಯಲ್ಲಿ ನೆರೆದಿದ್ದ ಪೋರರು ಗೇಲಿಮಾಡಿ ನಕ್ಕರು. ಮೊದಮೊದಲು ವಾರದಲ್ಲಿ ಎರಡು ಸಂಜೆ ಮಾತ್ರ ವ್ಯಾಪಾರ. ಸದಸ್ಯರೇ ಹಗಲು ದುಡಿದು ಬಂದು ಸಂಜೆ ತಕ್ಕಡಿ ಹಿಡಿಯುತ್ತಿದ್ದರು.

ಅಂಗಡಿ ಚಿಕ್ಕದಾದರೂ ಅದರ ನಿಯಮಗಳು ಚಿಕ್ಕವಲ್ಲ. ಸರಕು ಶುದ್ಧವಾಗಿರಬೇಕು, ತೂಕ ಸರಿಯಾಗಿರಬೇಕು, ಪೇಟೆಯ ಧಾರಣೆಯಲ್ಲಿಯೇ ಮಾರಬೇಕು. ಮೂಲಧನಕ್ಕೆ ಗೊತ್ತಾದ ಬಡ್ಡಿಯನ್ನು ಮಾತ್ರ ಕೊಟ್ಟು, ಮಿಕ್ಕ ಲಾಭವನ್ನು ಯಾರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ ಅವರಿಗೇ ಹಂಚಬೇಕು. ಒಂದು ಸಂಸಾರ ಮೂರು ತಿಂಗಳಲ್ಲಿ ನಾಲ್ಕು ಪೌಂಡಿನ ಸಾಮಾನು ಕೊಂಡಿದೆಯೆಂದೂ, ಲಾಭ ಪೌಂಡಿಗೆ ಒಂದು ಷಿಲ್ಲಿಂಗಿನಂತೆ ಬಂದಿದೆಯೆಂದೂ ಇಟ್ಟುಕೊಳ್ಳೋಣ. ಆ ಸಂಸಾರಕ್ಕೆ ನಾಲ್ಕು ಷಿಲ್ಲಿಂಗು ಹಿಂದಕ್ಕೆ ಬರುತ್ತದೆ. ಅಂದರೆ ತಿಂದ ರೊಟ್ಟಿಯೇ ಉಳಿತಾಯವಾಯಿತು. ಎಷ್ಟು ಷೇರಿದ್ದರೂ ಒಬ್ಬನಿಗೆ ಒಂದೇ ಮತ. ಹೆಂಗಸರಿಗೆ ಪಾರ್ಲಿಮೆಂಟಿನ ಮತದಾನವಿಲ್ಲದಿದ್ದ ಆ ಕಾಲದಲ್ಲಿ ಈ ಸಂಘ ಅವರಿಗೆ ಸದಸ್ಯತ್ವವನ್ನು ನಿರಾಕರಿಸಲಿಲ್ಲ.

ಇವೆಲ್ಲಕ್ಕಿಂತ ಕಠಿನವಾದ ನಿಯಮ ಮತ್ತೊಂದಿತ್ತು: ಸಾಲ ಕೊಡಕೂಡದು, ಸಾಲ ತರಕೂಡದು. ಸಾಲವೇ ಬಡವನನ್ನು ಕಟ್ಟಿಹಾಕುವ ಹಗ್ಗವೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಆದರೆ ಈ ನಿಯಮದ ಪೆಟ್ಟು ಬಿದ್ದದ್ದು ಯಾರ ಮೇಲೆ? ಶನಿವಾರ ಕೂಲಿ ಪಡೆದು ಬುಧವಾರಕ್ಕೆ ಬರಿಗೈಯಾಗುವ ಸಂಸಾರದ ಮೇಲೆ. ಹಳೆಯ ಅಂಗಡಿಯ ಬಾಕಿ ತೀರದವನಂತೂ ಹೊಸ ಅಂಗಡಿಯ ಕಡೆ ಮುಖಮಾಡುವಂತೆಯೇ ಇರಲಿಲ್ಲ. ಬಡವರಿಗಾಗಿ ಹುಟ್ಟಿದ ಅಂಗಡಿಯ ಬಾಗಿಲು ಕಡುಬಡವರಿಗೆ ಅರ್ಧ ಮುಚ್ಚಿದ್ದಿತೆಂದು ಒಪ್ಪಿಕೊಳ್ಳಲೇಬೇಕು.

ಹೀಗಿದ್ದರೂ ಅಂಗಡಿ ಉಳಿಯಿತು. ೧೮೪೮ರಲ್ಲಿ ೧೪೦ ಮಂದಿ ಸದಸ್ಯರಿದ್ದರು. ಮರುವರ್ಷ ಊರಿನ ಉಳಿತಾಯದ ಬ್ಯಾಂಕು ಮುರಿದುಬಿತ್ತು. ಹಣವನ್ನು ನಂಬಿಕೆಯ ಸ್ಥಳದಲ್ಲಿಡಬೇಕೆಂದು ಹುಡುಕಿದ ಜನ ಟೋಡ್ ಲೇನಿಗೆ ಬಂದರು. ಸದಸ್ಯರ ಸಂಖ್ಯೆ ೩೯೦ಕ್ಕೆ ಏರಿತು. ೧೮೫೦ರಲ್ಲಿ ೬೦೦ ಆಯಿತು. ೧೮೬೦ರ ವೇಳೆಗೆ ೩,೪೫೦ನ್ನು ಮುಟ್ಟಿತು. ಅಂಗಡಿಯ ಮೇಲಂತಸ್ತಿನಲ್ಲಿ ವಾಚನಾಲಯ ಬಂದಿತು. ಲಾಭದಲ್ಲಿ ನೂರಕ್ಕೆ ಎರಡೂವರೆಯಂತೆ ವಿದ್ಯೆಗಾಗಿ ತೆಗೆದಿಡುವ ಪದ್ಧತಿಯೂ ಬಂದಿತು. ಅಂದು ಪೋರರು ನಕ್ಕ ಆ ಕಟ್ಟಡ ೧೯೩೧ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಈ ವಿಚಾರ ನಮ್ಮ ದೇಶಕ್ಕೂ ಹರಿದುಬಂದಿತು. ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ೧೯೦೪ರಲ್ಲಿ ಸಹಕಾರದ ಅಂಗಡಿಯೊಂದು ಹುಟ್ಟಿತು. ಅಲ್ಲಿ ಆಗ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ವಿ. ಎಸ್. ಶ್ರೀನಿವಾಸಶಾಸ್ತ್ರಿಗಳು ಅದರ ಸ್ಥಾಪಕರಲ್ಲಿ ಒಬ್ಬರು. ಅದೇ ವರ್ಷ ಹಿಂದೂದೇಶದ ಸರ್ಕಾರ ಸಹಕಾರ ಸಾಲಸಂಘಗಳ ಶಾಸನವನ್ನು ಮಾಡಿತು. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಾಲಸಂಘವನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನದಲ್ಲಿಯೂ ಅದೇ ವರ್ಷ ಸಹಕಾರ ಸಂಘಗಳ ಕಾನೂನು ಜಾರಿಗೆ ಬಂದಿತು. ಇಲ್ಲಿ ಒಂದು ಅಂಶ ಗಮನಾರ್ಹವಾದುದು. ರಾಚ್‌ಡೇಲಿನಲ್ಲಿ ಸಾಲವನ್ನು ಹೊರಗಿಟ್ಟು ಆರಂಭವಾದ ಕಾರ್ಯ, ನಮ್ಮಲ್ಲಿ ಬಹುಮಟ್ಟಿಗೆ ಸಾಲ ಕೊಡುವುದರಿಂದಲೇ ಆರಂಭವಾಯಿತು. ಇದು ವಿರೋಧವೆನಿಸಬಹುದು, ಆದರೆ ವಿರೋಧವಲ್ಲ. ಮಳೆಯನ್ನು ನಂಬಿ ವರ್ಷಕ್ಕೊಮ್ಮೆ ಹಣ ಕಾಣುವ ರೈತನಿಗೆ ಸಾಲವಿಲ್ಲದೆ ನಡೆಯದು. ಅವನಿಗೆ ಬೇಕಾದದ್ದು ಸಾಲದ ನಿಷೇಧವಲ್ಲ, ನ್ಯಾಯವಾದ ಸಾಲ.

ಇದನ್ನು ತಿಳಿದ ಮೇಲೆ ನಮ್ಮ ಬೀದಿಮೂಲೆಯ ಉದ್ದರಿ ಪುಸ್ತಕವನ್ನು ನೋಡುವ ದೃಷ್ಟಿ ಬೇರೆಯಾಗುತ್ತದೆ. ಅದು ಉಪಕಾರವೂ ಆಗಬಹುದು, ಸಂಕೋಲೆಯೂ ಆಗಬಹುದು. ಬರೆದ ಲೆಕ್ಕವನ್ನು ಗಿರಾಕಿಗೆ ತೋರಿಸಿ, ಉದ್ದರಿಯವನಿಗೂ ನಗದಿನವನಿಗೂ ಒಂದೇ ತೂಕ, ಒಂದೇ ಬೆಲೆ ಇಟ್ಟಿರುವ ಅಂಗಡಿಯವನು, ರಾಚ್‌ಡೇಲಿನವರು ಮಾಡಲಾರದೆ ಬಿಟ್ಟ ಕೆಲಸವನ್ನು ಒಬ್ಬನೇ ಮಾಡುತ್ತಿದ್ದಾನೆ. ಆ ಕೆಲಸದ ನಷ್ಟಭಯವನ್ನು ಹೊರುವವನೂ ಅವನೊಬ್ಬನೇ.

ಅವನ ವಿಷಯದಲ್ಲಿ ನಾವು ನಡೆದುಕೊಂಡದ್ದು ಹೇಗೆ? ನಮ್ಮ ಸಂಗತಿಯನ್ನೇ ಹೇಳಿಬಿಡುತ್ತೇವೆ. ಮನೆಯಲ್ಲಿ ಕಾಯಿಲೆಯಿಂದ ಕೈ ಬಿಗಿಯಾಗಿದ್ದ ಒಂದು ವರ್ಷ, ನಮ್ಮ ಒಲೆ ಉರಿದದ್ದು ಮೂಲೆಯ ಅಂಗಡಿಯವರ ಪುಸ್ತಕದಿಂದ. ಕೈ ಸಡಿಲವಾದೊಡನೆ ಬಾಕಿಯನ್ನೇನೋ ತೀರಿಸಿದೆವು. ಆದರೆ ಅಂದಿನಿಂದ ಕಾಸಿಗೆ ಕಾಸು ಲೆಕ್ಕಹಾಕಿ ದೊಡ್ಡ ಪೇಟೆಯಿಂದ ಮೂಟೆ ತರಿಸತೊಡಗಿದೆವು. ಮೂಲೆಯ ಅಂಗಡಿಗೆ ಹೋಗುತ್ತಿದ್ದುದು ಬೆಂಕಿಪೊಟ್ಟಣಕ್ಕೆ, ಕರಿಬೇವಿಗೆ. ಅಂಗಡಿಯವರು ಒಂದು ದಿನವೂ ಆಕ್ಷೇಪಿಸಲಿಲ್ಲ. ಕರಿಬೇವಿನ ಜೊತೆಗೆ ಕೊಸರನ್ನು ಹಾಕುವುದನ್ನೂ ನಿಲ್ಲಿಸಲಿಲ್ಲ. ಕೆಲವು ಕಾಲದ ಮೇಲೆ ಆ ಅಂಗಡಿ ಮುಚ್ಚಿತು. ನಾವೊಬ್ಬರೇ ಕಾರಣರಲ್ಲದಿರಬಹುದು; ಕಾರಣರಲ್ಲವೆಂದು ಹೇಳಲೂ ನಮಗೆ ಬಾಯಿಲ್ಲ.

ರಾಚ್‌ಡೇಲಿನವರು ಲಾಭವನ್ನು ಕೊಳ್ಳುವವನಿಗೆ ಹಂಚಿದ್ದೇಕೆ? ಅಂಗಡಿಯನ್ನು ಉಳಿಸುವವನು ವಾರವಾರವೂ ತಪ್ಪದೆ ಬರುವ ಗಿರಾಕಿಯೆಂದು ಅವರು ಕಂಡುಕೊಂಡಿದ್ದರು. ನಮ್ಮ ಮೂಲೆಯ ಅಂಗಡಿಗೆ ಷೇರಿಲ್ಲ, ಮತವಿಲ್ಲ, ಮೂರು ತಿಂಗಳಿಗೊಮ್ಮೆ ಲಾಭದ ಹಂಚಿಕೆಯೂ ಇಲ್ಲ. ಆದರೂ ಇಲ್ಲದ ದಿನ ಅವನ ಪುಸ್ತಕದಲ್ಲಿ ಪಾಲುಗಾರರಾದ ನಾವು, ಕೈಯಲ್ಲಿ ಹಣವಿರುವ ದಿನವೂ ಅವನ ಬಾಗಿಲಿಗೇ ಹೋಗುವುದು ನ್ಯಾಯ. ನೆರೆಹೊರೆಯವರು ಇಷ್ಟನ್ನು ನಡೆಸಿದರೆ ಆ ಹಲಗೆಯೂ ಆ ಪುಸ್ತಕವೂ ಒಂದೇ ಅಂಗಡಿಯಲ್ಲಿ ಬಹುಕಾಲ ಬಾಳಬಲ್ಲವು.