ಶಾಂತಿ ಸಭೆಯ ನಡಾವಳಿ

ನಾನು ಬರೆದ ಮೊದಲ ಶಾಂತಿ ಸಭೆಯ ನಡಾವಳಿ ಹನ್ನೊಂದು ಸಾಲಿನದು. ಹತ್ತನೆಯ ಸಾಲು ಇವತ್ತಿಗೂ ಬಾಯಿಪಾಠ: ಹಬ್ಬದ ಅವಧಿಯಲ್ಲಿ ಶಾಂತಿ ಸುವ್ಯವಸ್ಥೆ ಕಾಪಾಡಲು ಸರ್ವರೂ ಸಹಕರಿಸಬೇಕೆಂದು ಕೋರಲಾಯಿತು. ಹನ್ನೊಂದನೆಯದು, ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯ. ಕಂದಾಯ ಇಲಾಖೆಯ ಮೂವತ್ತು ವರ್ಷದ ನೌಕರಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಬೇರೆ ಬೇರೆ ಕಚೇರಿಗಳಲ್ಲಿ ಕೂತು ಇಂಥ ನಡಾವಳಿ ಎಷ್ಟು ಬರೆದೆನೋ ಲೆಕ್ಕವಿಲ್ಲ. ಗಣೇಶ ಚೌತಿಗೆ ಒಂದು, ಬಕ್ರೀದಿಗೆ ಒಂದು, ಮೊಹರಮ್ಮಿಗೆ ಒಂದು, ರಾಮನವಮಿಗೆ ಒಂದು. ತಾರೀಕು ಬದಲಾಗುತ್ತಿತ್ತು, ಅಧಿಕಾರಿಗಳ ಹೆಸರು ಬದಲಾಗುತ್ತಿತ್ತು, ಆ ಹತ್ತನೆಯ ಸಾಲು ಮಾತ್ರ ಬದಲಾಗಲಿಲ್ಲ.

ಸಭೆಯ ಹಿಂದಿನ ದಿನ ಗ್ರಾಮ ಸಹಾಯಕರ ಕೈಯಲ್ಲಿ ತಿಳಿವಳಿಕೆ ಪತ್ರ ಹೋಗುತ್ತಿತ್ತು. ಆಡಳಿತ ಮೊಕ್ತೇಸರರಿಗೆ, ಜಮಾತಿನವರಿಗೆ, ಚರ್ಚಿನ ಫಾದರ್‌ಗೆ, ವರ್ತಕರ ಸಂಘಕ್ಕೆ, ಪಕ್ಷಗಳ ಮುಖಂಡರಿಗೆ. ಭಟ್ಕಳದಲ್ಲಿ ಶಾಂತಿ ಸಭೆ ಎಂದರೆ 1912ರಲ್ಲಿ ಹುಟ್ಟಿದ ಮುಸ್ಲಿಂ ಸಂಸ್ಥೆ ಮಜ್ಲಿಸೆ ಇಸ್ಲಾಹ್ ವ ತಂಜೀಮ್‌ನವರ ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತಿತ್ತು. ಕರೆಯಬೇಕಾದವರು ಯಾರು ಎಂಬುದು ಹಳೆಯ ಗುಮಾಸ್ತರ ತಲೆಯಲ್ಲಿತ್ತು. ಅವರು ವರ್ಗವಾಗಿ ಹೋದರೆ ಪಟ್ಟಿಯೂ ಅವರ ಜೊತೆಗೇ ಹೋಗುತ್ತಿತ್ತು. ಬಂದವರು ಬಂದ ಕೂಡಲೇ ಎರಡು ಬದಿಯಾಗಿ ಕೂರುತ್ತಿದ್ದರು. ಹಾಜರಾತಿ ಹಾಳೆ ಎಡಬದಿಯಿಂದ ಹೊರಟು ಬಲಬದಿಗೆ ಬಂದು ಕೊನೆಗೆ ನನ್ನ ಮೇಜು ಮುಟ್ಟುವಾಗ ಅದರಲ್ಲಿ ನಲವತ್ತು, ಐವತ್ತು ಸಹಿ ಇರುತ್ತಿದ್ದವು. ಒಂದೂ ಹೆಂಗಸಿನದಲ್ಲ. ಆ ಕೋಣೆಯಲ್ಲಿ ಹೆಂಗಸು ಎಂದರೆ ಬರೆಯುತ್ತ ಕೂತ ನಾನೊಬ್ಬಳೇ. ನಡಾವಳಿ ಬರೆಯುವವರು ಹಾಜರಾತಿಗೆ ಸಹಿ ಮಾಡುವ ಪದ್ಧತಿ ಇರಲಿಲ್ಲ.

ಚಹಾ ಬಿಸ್ಕತ್ತಿನ ಬಿಲ್ಲು ಪಾಸು ಮಾಡುವಾಗ ನನಗೆ ಮೊದಲ ಸಲ ಶಾಂತಿಗೊಂದು ಇಲಾಖೆ ಬೇಕು ಎಂಬ ವಿಚಾರ ಹೊಳೆದದ್ದು. ಶಾಂತಿ ಸಭೆಗೆ ಲೆಕ್ಕ ಶೀರ್ಷಿಕೆ ಇಲ್ಲ. ಸಾದಿಲ್ವಾರಿನಲ್ಲಿ ಹಾಕಬೇಕು, ಅಂದರೆ ಗುಂಡುಸೂಜಿ, ಗೋಂದು, ಪೊರಕೆ ಕೊಳ್ಳುವ ದುಡ್ಡಿನಲ್ಲಿ. ಮೀನುಗಾರಿಕೆಗೆ ಇಲಾಖೆ ಇದೆ, ರೇಷ್ಮೆಗೆ ಇದೆ, ಮುಜರಾಯಿಗೆ ಇದೆ, ತೂಕ ಅಳತೆಗೂ ಇದೆ. ಶಾಂತಿಗೆ ಇಲ್ಲ. ಕಾನೂನಿನ ಪುಸ್ತಕದಲ್ಲಿ ‘ಶಾಂತಿ ಭಂಗ’ ಎಂಬ ಮಾತು ಬೇಕಾದಷ್ಟು ಸಲ ಬರುತ್ತದೆ. ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮಿನಲ್ಲಿ ತಹಸೀಲ್ದಾರರು ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು, 144ರಲ್ಲಿ ನಿಷೇಧಾಜ್ಞೆ ಹೊರಡುತ್ತಿತ್ತು. 2024ರ ಜುಲೈಯಿಂದ ಹೊಸ ಸಂಹಿತೆ ಬಂದು ಅವು 126, 163 ಆಗಿವೆ. ಶಾಂತಿ ಮುರಿದಾಗ ಏನು ಮಾಡಬೇಕು ಎಂಬುದಕ್ಕೆ ಕಲಮುಗಳಿವೆ, ನಮೂನೆಗಳಿವೆ, ಸಿಬ್ಬಂದಿ ಇದ್ದಾರೆ. ಮುರಿಯದೆ ಇರುವ ದಿನಗಳಲ್ಲಿ ಅದನ್ನು ಯಾರು ನೋಡಿಕೊಳ್ಳಬೇಕು? ಆ ಪ್ರಶ್ನೆಗೆ ಸರ್ಕಾರಿ ಕಡತದಲ್ಲಿ ಜಾಗ ಇಲ್ಲ.

ಹಾಗೆಂದು ಯಾರೂ ನೋಡಿಕೊಳ್ಳುತ್ತಿರಲಿಲ್ಲ ಎಂದಲ್ಲ. ಭಟ್ಕಳದ ಚನ್ನಪಟ್ಟಣ ಹನುಮಂತ ದೇವರ ರಥೋತ್ಸವ ರಾಮನವಮಿಗೆ ನಡೆಯುವುದು. ತೇರಿಗೆ ಮೊದಲು ದೇವಸ್ಥಾನದವರು ಪೇಟೆಯ ಹಳೆಯ ಮುಸ್ಲಿಂ ಮನೆತನದವರಲ್ಲಿಗೆ ಹೋಗಿ ಕರೆದು ಬರುವ ವಾಡಿಕೆ ಉಂಟು. ಇದಕ್ಕೆ ತಿಳಿವಳಿಕೆ ಪತ್ರ ಬೇಡ, ಪೊಲೀಸರ ಸಮ್ಮುಖ ಬೇಡ. ಹೊಸಿಲು ದಾಟಿ, ಜಗುಲಿಯಲ್ಲಿ ಕೂತು, ನೀವು ಬರಬೇಕು ಎಂದು ಬಾಯಿ ಬಿಟ್ಟು ಹೇಳುವುದು. ಮೂಡಭಟ್ಕಳದ ಕಲ್ಲಿನ ದೇವಸ್ಥಾನಗಳು, ಜಟ್ಟಪ್ಪ ನಾಯಕನ ಬಸದಿ, ನವಾಯತ ಮುಸಲ್ಮಾನರ ಮಸೀದಿಗಳು ಒಂದೇ ಬಂದರಿನ ವ್ಯಾಪಾರದ ನೆರಳಲ್ಲಿ ಎದ್ದು ನಿಂತ ಊರು ಇದು. 1542ರಲ್ಲಿ ಪೋರ್ಚುಗೀಸರು ಬೆಂಕಿ ಇಟ್ಟಾಗ ಆ ಬೆಂಕಿ ಯಾವ ಕೇರಿಯನ್ನೂ ಬಿಡಲಿಲ್ಲ. ಈ ಕರೆಯುವ ವಾಡಿಕೆಯನ್ನು ನಾನು ಸಣ್ಣ ಸಂಗತಿ ಎಂದು ಎಣಿಸುವುದಿಲ್ಲ. ನಾನು ಬರೆದ ಅಷ್ಟೂ ನಡಾವಳಿಗಳಿಗಿಂತ ಅದಕ್ಕೆ ತೂಕ ಹೆಚ್ಚು.

ಅದೇ ರಾಮನವಮಿಯ ದಿನ, 1993ರ ಏಪ್ರಿಲ್ 1ರಂದು, ಭಟ್ಕಳ ಹೊತ್ತಿಕೊಂಡಿತು. ಮೆರವಣಿಗೆಯ ಹೊತ್ತಿಗೆ ಶುರುವಾದದ್ದು ಆರಿ, ಮತ್ತೆ ಹೊತ್ತಿ, ಒಂಬತ್ತು ತಿಂಗಳ ತನಕ ಎಳೆಯಿತು. ಹದಿನೈದಕ್ಕೂ ಹೆಚ್ಚು ಜೀವ ಹೋಯಿತು. ನಾನಾಗ ನೌಕರಿಗೆ ಸೇರಿ ಎರಡು ವರ್ಷ. ಕರ್ಫ್ಯೂ ಪಾಸಿನ ಮೇಲೆ ಮೊಹರು ಒತ್ತಿ ಒತ್ತಿ ಹೆಬ್ಬೆರಳಿನ ಬುಡ ನೇರಳೆ ಬಣ್ಣಕ್ಕೆ ತಿರುಗಿತ್ತು.

ಆ ವರ್ಷದ ನೆನಪೆಂದರೆ ನನಗೆ ಮಲ್ಲಿಗೆ. ಶಿರಾಲಿ ಕಡೆ ನಮ್ಮ ಚಿಕ್ಕಮ್ಮನದು ಹಿತ್ತಲ ತುಂಬ ಗಿಡ. ಭಟ್ಕಳ ಮಲ್ಲಿಗೆಯ ಮೊಗ್ಗನ್ನು ಬೆಳಕು ಹರಿಯುವ ಮುಂಚೆ ಕೊಯ್ಯಬೇಕು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಬೇಕು, ಬಿರಿಯುವ ಮೊದಲು ಪೇಟೆ ಮುಟ್ಟಿಸಬೇಕು. ಕಟ್ಟುವವರು ನಮ್ಮ ಕಡೆಯ ಹೆಂಗಸರು. ಮೊಳದ ಲೆಕ್ಕ ಬಿಟ್ಟು ಮಾರುಗಟ್ಟಲೆ ಕೊಳ್ಳುವವರು ಭಟ್ಕಳದ ಮುಸಲ್ಮಾನರ ಮನೆಯವರು. ಮದುವೆ ಇದ್ದರಂತೂ ವಾರ ಮೊದಲೇ ಹೇಳಿಕಳಿಸುತ್ತಿದ್ದರು. ಏಪ್ರಿಲ್, ಮೇ ಅಂದರೆ ಗಿಡದಲ್ಲಿ ಎಲೆಗಿಂತ ಮೊಗ್ಗು ಜಾಸ್ತಿ. ಆ ವರ್ಷ ಪೇಟೆ ಮುಚ್ಚಿತ್ತು, ಬಸ್ಸು ಇರಲಿಲ್ಲ. ರಜೆ ಹಾಕಿ ಹೋದ ನಾನು ನೋಡಿದ್ದು, ಚಿಕ್ಕಮ್ಮ ಕೊಯ್ಯದೇ ಬಿಟ್ಟ ಗಿಡಗಳ ನಡುವೆ ಬರಿಗೈಯಲ್ಲಿ ನಿಂತದ್ದು. ಹಿತ್ತಲೆಲ್ಲ ಬೆಳ್ಳಗೆ ಬಿರಿದು, ಬುಡದಲ್ಲಿ ಉದುರಿದ್ದು ಕಂದಾಗಿ ಕೊಳೆಯುತ್ತಿತ್ತು. ‘ಮೊಗ್ಗಿಗೆ ಕರ್ಫ್ಯೂ ಗೊತ್ತಾಗ್ತದ್ಯೇನೆ ತಂಗಿ? ಅದು ಬಿರಿದೇ ಬಿರೀತದೆ’ ಅಂದಳು. ಅವಳಿಂದ ಹೂ ಕೊಳ್ಳುತ್ತಿದ್ದ ಮನೆಯಲ್ಲಿ ಆ ತಿಂಗಳು ಮದುವೆ ಇತ್ತು. ಆ ಹುಡುಗಿಯ ಮುಡಿಗೆ ಹೂವಿಲ್ಲವಲ್ಲ ಎಂಬುದು ಅವಳ ಸಂಕಟ. ಶಾಂತಿ ಸಭೆಗೆ ಕರೆಯಬೇಕಾದವಳು ಇವಳಲ್ಲವೇ ಎಂದು ನನಗೆ ಅಂದೇ ಅನಿಸಿತ್ತು. ಹೇಳುವ ಧೈರ್ಯ ಇರಲಿಲ್ಲ.

ಆ ಗಲಭೆಯ ತನಿಖೆಗೆ ಸರ್ಕಾರ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ನೇಮಿಸಿತು. ವರದಿ ಬಂದದ್ದು 1997ರಲ್ಲಿ. ಅಷ್ಟರಲ್ಲಿ, 1996ರ ಏಪ್ರಿಲ್ 10ರಂದು, ಶಾಸಕ ಡಾ. ಯು. ಚಿತ್ತರಂಜನ್ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾಗಿದ್ದರು. ಗಲಭೆಯಾದ ಮೇಲೆ ಆಯೋಗ, ಆಯೋಗದ ವರದಿ ಬರುವ ಮೊದಲೇ ಮತ್ತೊಂದು ಸಾವು. ನನ್ನಂಥ ಗುಮಾಸ್ತರದು ಮತ್ತೆ ಅದೇ ಹತ್ತನೆಯ ಸಾಲು.

ಶಾಂತಿಗೊಂದು ಇಲಾಖೆ ಬೇಕು ಎಂಬ ಬೇಡಿಕೆ ಹೊಸದಲ್ಲ ಎಂದು ನನಗೆ ಗೊತ್ತಾದದ್ದು ನಿವೃತ್ತಿಯ ನಂತರ, ಓದಲು ಬಿಡುವು ಸಿಕ್ಕಮೇಲೆ. ಭಟ್ಕಳ ಗಲಭೆಗೆ ಸರಿಯಾಗಿ ಇನ್ನೂರು ವರ್ಷ ಹಿಂದೆ, 1793ರ ಒಂದು ಪಂಚಾಂಗದಲ್ಲಿ ಆ ಬೇಡಿಕೆ ಅಚ್ಚಾಗಿತ್ತು. ಪಂಚಾಂಗ ಗುಣಿಸಿದವರು ಬೆಂಜಮಿನ್ ಬ್ಯಾನೆಕರ್, ಖಗೋಳ ಗಣಿತವನ್ನು ತಾವೇ ಕಲಿತ ಅಮೆರಿಕದ ಕಪ್ಪು ಜನಾಂಗದ ಪಂಡಿತರು. ಅದರಲ್ಲಿ ಶಾಂತಿ ಕಚೇರಿಯ ಯೋಜನೆ ಬರೆದವರು ವೈದ್ಯ ಬೆಂಜಮಿನ್ ರಷ್. ಯುದ್ಧಕ್ಕೆ ಮಂತ್ರಿ ಇರುವಾಗ ಶಾಂತಿಗೂ ಒಬ್ಬ ಇರಲಿ, ಊರೂರಿಗೆ ಪುಕ್ಕಟೆ ಶಾಲೆ ತೆರೆಯಲಿ, ಮರಣದಂಡನೆ ನಿಲ್ಲಲಿ ಎಂಬುದು ಅವರ ವಾದ. ನಮ್ಮ ಮನೆಗಳ ಗೋಡೆಗೆ ನೇತುಬಿದ್ದ ಪಂಚಾಂಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಪಕ್ಕ ಇಂಥದೊಂದು ಪುಟ ಇದ್ದರೆ ಹೇಗಿರುತ್ತಿತ್ತು ಎಂದು ಆಗಾಗ ನೆನೆಯುತ್ತೇನೆ. ಆ ದೇಶದಲ್ಲಿ 2001ರ ಜುಲೈಯಲ್ಲಿ ಡೆನಿಸ್ ಕುಸಿನಿಚ್ ಎಂಬ ಸಂಸದರು ಶಾಂತಿ ಇಲಾಖೆಯ ಮಸೂದೆ ಮಂಡಿಸಿದರು. ಸಾಮಾನ್ಯ ಜನ ಊರೂರಲ್ಲಿ ಗುಂಪು ಕಟ್ಟಿಕೊಂಡು ತಮ್ಮ ತಮ್ಮ ಸಂಸದರ ಕಚೇರಿಯ ಬಾಗಿಲು ತಟ್ಟಿದರು. ಮಸೂದೆ ಪಾಸಾಗಲಿಲ್ಲ. ನೇಪಾಳದಲ್ಲಿ ಆಯಿತು. ಅಂತರ್ಯುದ್ಧ ಮುಗಿದ ಮೇಲೆ 2007ರಲ್ಲಿ ಶಾಂತಿ ಮತ್ತು ಪುನರ್ನಿರ್ಮಾಣ ಸಚಿವಾಲಯ ತೆರೆದು, ಜಿಲ್ಲೆಗಳಲ್ಲಿ ಸ್ಥಳೀಯ ಶಾಂತಿ ಸಮಿತಿ ಕಟ್ಟಿದರು. ನಮ್ಮದೇ ದೇಶದ ರಾಜಸ್ಥಾನದಲ್ಲಿ, ಅಶೋಕ್ ಗೆಹ್ಲೋಟ್ ಮುಖ್ಯಮಂತ್ರಿಯಾಗಿದ್ದಾಗ 2022ರಲ್ಲಿ ಶಾಂತಿ ಮತ್ತು ಅಹಿಂಸಾ ಇಲಾಖೆ ಎಂದೇ ಒಂದು ಇಲಾಖೆ ಹುಟ್ಟಿತು. ಅಲ್ಲಿ ಆಗುವುದು ಇಲ್ಲಿ ಏಕೆ ಆಗಬಾರದು?

ಆದರೆ ನನ್ನ ಮನಸ್ಸು ನಿಂತಿರುವುದು ದೂರದ ದೇಶಗಳಲ್ಲಿ ಅಲ್ಲ, ಗೋಕರ್ಣದಲ್ಲಿ. 1957ರಲ್ಲಿ ವಿನೋಬಾ ಭಾವೆ ಕೇರಳ ದಾಟಿ ಕರ್ನಾಟಕಕ್ಕೆ ನಡೆದು ಬಂದರು. ಆ ಮೊದಲು ಗುರುವಾಯೂರಿನಲ್ಲಿ, ಜೊತೆಗೆ ಕ್ರೈಸ್ತರಿದ್ದಾರೆ ಎಂದು ದೇವಸ್ಥಾನದವರು ಬಿಟ್ಟಿರಲಿಲ್ಲ. ಜೊತೆಗಾರರನ್ನು ಹೊರಗೆ ನಿಲ್ಲಿಸಿ ತಾನೊಬ್ಬನೇ ಒಳಗೆ ಹೋಗಲಾರೆ ಎಂದು ಅವರು ಹಿಂದಿರುಗಿದ್ದರು. ನಮ್ಮ ಕುಮಟಾ ತಾಲ್ಲೂಕಿನ ಗೋಕರ್ಣ ಮಹಾಬಲೇಶ್ವರದಲ್ಲಿ ಅವರು ಜೊತೆಗಾರರನ್ನೂ ಒಳಗೆ ಬಿಡುವಿರಾ ಎಂದು ಕೇಳಿದರು. ತಂಡದಲ್ಲಿ ಸಲೀಂ ಎಂಬ ಮುಸಲ್ಮಾನ ಜೊತೆಗಾರ ಇದ್ದ. ಗೋಕರ್ಣದವರು ಬನ್ನಿ ಎಂದರು. ಎಲ್ಲರೂ ಒಳಗೆ ಹೋದರು. ಕೋಟಿತೀರ್ಥದ ದಂಡೆಯಲ್ಲಿ ಕೂತಾಗಲೆಲ್ಲ ನನಗೆ ಆ ಸಲೀಮನ ನೆನಪಾಗುತ್ತದೆ. ಕಣ್ಣಿಗೆ ಕಾಣುವ ಯಾವ ಗುರುತನ್ನೂ ಅವನು ಬಿಟ್ಟು ಹೋಗಿಲ್ಲ. ಬನ್ನಿ ಎಂದ ಊರು ಮಾತ್ರ ಇದೆ.

ಶಾಂತಿ ಸೇನೆಯನ್ನು ವಿನೋಬಾ ಸ್ಥಾಪಿಸಿದ್ದು ಅದೇ ವರ್ಷ, ಕೇರಳದ ನಡಿಗೆಯಲ್ಲಿ. ‘ಜೈ ಜಗತ್’ ಎಂಬ ಘೋಷಣೆ ಹುಟ್ಟಿದ್ದು ಕರ್ನಾಟಕದ ನಡಿಗೆಯಲ್ಲಿ. ಶಾಂತಿ ಸೇನೆಯ ಲೆಕ್ಕ ನನ್ನಂಥ ಕಂದಾಯದವರಿಗೆ ಕೂಡಲೇ ತಲೆಗೆ ಹತ್ತುವಂಥದು: ಐದು ಸಾವಿರ ಜನಕ್ಕೆ ಒಬ್ಬ ಸೈನಿಕ, ದೇಶಕ್ಕೆ ಎಪ್ಪತ್ತು ಸಾವಿರ. ಜಗಳವಾದಾಗ ನಡುವೆ ನಿಲ್ಲುವುದು ಅವರ ಕೊನೆಯ ಕೆಲಸ. ಉಳಿದ ದಿನಗಳಲ್ಲಿ ಮನೆಮನೆ ಸುತ್ತಿ, ಕಾಯಿಲೆ ಕಸಾಲೆ ವಿಚಾರಿಸಿ, ಎಲ್ಲರ ಪರಿಚಯ ಇಟ್ಟುಕೊಂಡಿರಬೇಕು. ಅದರ ಖರ್ಚಿಗೆ ಸರ್ವೋದಯ ಪಾತ್ರೆ: ದಿನಾ ಮನೆಯ ಮಗುವಿನ ಕೈಯಿಂದ ಒಂದು ಮುಷ್ಟಿ ಧಾನ್ಯ. ನಮ್ಮ ಸಾದಿಲ್ವಾರಿಗಿಂತ ಎಷ್ಟೋ ಗೌರವದ ಲೆಕ್ಕ ಶೀರ್ಷಿಕೆ ಅದು. ಮುಂದೆ ಜಯಪ್ರಕಾಶ ನಾರಾಯಣರು ಮುನ್ನಡೆಸಿದ ಈ ಸೇನೆ 1969ರ ಅಹಮದಾಬಾದಿನಲ್ಲಿ, 1970ರ ಭಿವಂಡಿಯಲ್ಲಿ ಗಲಭೆಯ ಬೂದಿಯ ನಡುವೆ ಕೆಲಸ ಮಾಡಿತು. ಎಪ್ಪತ್ತರ ದಶಕದ ಮಧ್ಯದಲ್ಲಿ ಸರ್ವೋದಯದವರೇ ಎರಡಾಗಿ ಒಡೆದಾಗ ಅದೂ ಕರಗಿತು.

2011ರ ಜನಗಣತಿಯಲ್ಲಿ ಭಟ್ಕಳ ತಾಲ್ಲೂಕಿನ ಜನಸಂಖ್ಯೆ 1.6 ಲಕ್ಷಕ್ಕೆ ತುಸು ಮೇಲೆ. ವಿನೋಬಾ ಲೆಕ್ಕದಲ್ಲಿ ಮೂವತ್ತೆರಡು ಜನ ಬೇಕು. ಹೊನ್ನಾವರಕ್ಕೂ ಕುಮಟಾಕ್ಕೂ ಹೆಚ್ಚುಕಡಿಮೆ ಅಷ್ಟಷ್ಟೇ. ಮೂರು ತಾಲ್ಲೂಕಿಗೆ ನೂರರ ಒಳಗೆ.

ಆ ನೂರು ಜನ 2017ರ ಡಿಸೆಂಬರಿನಲ್ಲಿ ಇದ್ದಿದ್ದರೆ! ಹೊನ್ನಾವರದಲ್ಲಿ ಒಬ್ಬ ಯುವಕನ ಶವ ಕೆರೆಯಲ್ಲಿ ಸಿಕ್ಕಿತು. ಹೇಗೆ ಸತ್ತ ಎಂಬುದಕ್ಕೆ ಊರಿಗೊಂದು ಕಥೆ ಹುಟ್ಟಿತು, ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹೊನ್ನಾವರ, ಕುಮಟಾ, ಶಿರಸಿ ಉರಿದವು. ಕುಮಟಾದಲ್ಲಿ ಪೊಲೀಸ್ ಮಹಾನಿರೀಕ್ಷಕರ ಕಾರಿಗೇ ಬೆಂಕಿ ಬಿತ್ತು. ಅದು ಕೊಲೆಯಲ್ಲ ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರಲ್ಲಿ. ನಡುವಿನ ಐದು ವರ್ಷ ಆ ತಾಯಿ ತಂದೆಯ ಜೊತೆ ಕೂತು ಮಾತಾಡುವುದು, ಸುದ್ದಿ ನಿಜವೋ ಸುಳ್ಳೋ ಎಂದು ಕೇರಿಗೆ ಹೋಗಿ ತಿಳಿಸುವುದು, ಕೇಸಿನಲ್ಲಿ ಸಿಕ್ಕಿಬಿದ್ದ ಎಳೆ ಹುಡುಗರನ್ನು ಹಿಡಿದು ಕೂರಿಸುವುದು ಯಾವ ಇಲಾಖೆಯ ಕೆಲಸವಾಗಿತ್ತು? ಪೊಲೀಸರಿಗೆ ಅದನ್ನು ಹೊರಿಸುವುದು ನ್ಯಾಯವಲ್ಲ. ಅವರ ಕೆಲಸವೇ ಬೇರೆ.

ನಾನು ಅಘನಾಶಿನಿ ದಂಡೆಯ ಗಜನಿ ಊರಿನವಳು. ಉಪ್ಪುನೀರು ನುಗ್ಗುವ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವ ನಮ್ಮಲ್ಲಿ ಒಡ್ಡಿನ ತೂಬಿಗೆ ಒಬ್ಬ ಆಳು ಇರಲೇಬೇಕು. ಭರತ ಏರುವಾಗ ಹಲಗೆ ಇಳಿಸಬೇಕು, ಇಳಿತಕ್ಕೆ ಎತ್ತಬೇಕು. ದಿನಕ್ಕೆ ಎರಡು ಸಲ, ಮಳೆ ಬರಲಿ, ಹಬ್ಬವಿರಲಿ. ಒಡ್ಡು ಒಡೆದ ಮೇಲೆ ಊರೆಲ್ಲ ಬುಟ್ಟಿ ಹಿಡಿದು ಓಡಿದರೂ ಆ ವರ್ಷದ ಬೆಳೆ ಹೋದಂತೆಯೇ. ನಾನು ಕೇಳುತ್ತಿರುವುದು ತೂಬಿನ ಆಳನ್ನು. ತಾಲ್ಲೂಕಿಗೊಂದು ಶಾಂತಿ ಕಚೇರಿ, ಅದಕ್ಕೊಂದು ಲೆಕ್ಕ ಶೀರ್ಷಿಕೆ, ವಾರ್ಡಿಗೆ ಇಬ್ಬರಾದರೂ ಹೆಂಗಸರು, ಮತ್ತು ಎಂದೂ ನಾಶ ಮಾಡದ ಒಂದು ರಿಜಿಸ್ಟರು. ಏಕೆಂದರೆ ನಾನು ಬರೆದ ನಡಾವಳಿಗಳು ಕೆಲವೇ ವರ್ಷ ಇಟ್ಟು ಸುಡುವ ವರ್ಗದ ಕಡತಗಳು. ಯಾವ ಸಭೆಯಲ್ಲಿ ಯಾರು ಎದ್ದು ಬಂದು ಯಾರ ಕೈ ಹಿಡಿದರು ಎಂಬುದು ಈಗ ಎಲ್ಲೂ ಇಲ್ಲ. ತೇರಿಗೆ ಕರೆದವರು, ಕರೆಗೆ ಓಗೊಟ್ಟು ಬಂದವರು, ಅವರ ಹೆಸರು ವರ್ಷ ವರ್ಷವೂ ಅದರಲ್ಲಿ ಏರಬೇಕು.

ಹೋದ ವರ್ಷ ಗ್ರಾಮ ಸಭೆಯಲ್ಲಿ ಅರ್ಜಿ ಕೊಟ್ಟೆ. ಒಬ್ಬಳ ಅರ್ಜಿಗೆ ಬಲ ಬರುವುದಿಲ್ಲ, ಸಹಿ ಮಾಡಿಸಿ ತನ್ನಿ ಅಕ್ಕಾ ಎಂದು ಅಲ್ಲಿದ್ದ ಹುಡುಗಿಯೊಬ್ಬಳು ಹೇಳಿದಳು. ಸರಿ ಅನಿಸಿತು. ಈಗ ವಾರಕ್ಕೆರಡು ದಿನ ಬೆಳಿಗ್ಗೆ ಹೊರಡುತ್ತೇನೆ. ಮೊದಲು ಹೋದದ್ದು ಶಿರಾಲಿಗೆ. ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ, ಹೂ ಕಟ್ಟುವುದನ್ನು ಬಿಟ್ಟಿಲ್ಲ. ಅರ್ಜಿಯನ್ನು ಪೂರ್ತಿ ಓದಿಸಿ ಕೇಳಿದಳು, ಹೂ ಕೊಳ್ಳುವ ಆ ಮನೆಯ ಹೆಂಗಸರ ಸಹಿಯನ್ನೂ ತರಬೇಕು ಎಂದಳು. ಆಮೇಲೆ ಕೈ ಚಾಚಿದಳು. ನೆನೆಸಿದ ಬಾಳೆನಾರು ಹಿಡಿದ ಹೆಬ್ಬೆರಳು ಒದ್ದೆ ಇತ್ತು. ಶಾಯಿ ಹರಡಿ ಗುರುತು ಕೂಡಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಪಕ್ಕದಲ್ಲೇ ಇನ್ನೊಮ್ಮೆ ಒತ್ತಿದಳು.